ಕಾಗದದ ಮೆಟ್ಟು

ಸತ್ತವರಿಗೆ ಮೆಟ್ಟು ಹೊಲಿಯುವುದು ನನ್ನ ಕಸುಬು.
ಚರ್ಮ ಬೇಕಿಲ್ಲ, ಅವರೇನು ಸವೆಸುತ್ತಾರೆ?
ಹಳೆ ಕಾಗದ ಸಾಕು: ತೀರಿದ ಸಾಲದ ಪತ್ರ,
ಗಡಿಠಾಣೆಯ ಕತ್ತೆಗಳ ಲೆಕ್ಕ,
ಯಾರೋ ಹುಡುಗ ನೂರು ಸಲ ತಿದ್ದಿದ ಒಂದೇ ಅಕ್ಷರ.
ಎಂಟು ಪದರ ಅಂಟಿಸಿ ಅಂಗಾಲಿನಳತೆಗೆ ಕತ್ತರಿಸಿ
ಮೇಲೆ ಮಸಿ ಬಳಿದರೆ
ಗಾವೋಚಾಂಗ್‌ನ ಯಾವ ಸಿರಿವಂತನ ಕಾಲಿಗೂ ಒಪ್ಪುತ್ತದೆ.

ಶಲ್ಲೀಟ ಬಂದದ್ದು
ಚಳಿಗೆ ಹೆದರಿ ದ್ರಾಕ್ಷಿಬಳ್ಳಿಗಳನ್ನು ಹೂಳುವ ತಿಂಗಳು.
ಪಡುವಣದವನು. ಎಷ್ಟು ಪಡುವಣವೆಂದರೆ
ಅವನೂರಿನ ಹೆಸರು ಕೇಳಿ ಒಂಟೆಯವರೇ ತಲೆ ಕೆರೆದುಕೊಂಡರು.
ಬೋಳುಬೆಟ್ಟದ ಮಗ್ಗುಲ ಮಠದಲ್ಲಿ ಇಳಿದ.
ಜೊತೆಗೊಬ್ಬ ದುಭಾಷಿ, ಸೊಗ್ದಿಯವನು, ನನಯ್‌ವಂದಕ್.
ನನಯ್ ದೇವಿಯ ದಾಸ ಎಂದು ಆ ಹೆಸರಿನ ಅರ್ಥ;
ಹೊಸ ದೇವರ ನೀರಲ್ಲಿ ಮುಳುಗೆದ್ದ ಮೇಲೂ ಬದಲಿಸಲಿಲ್ಲ.
ನನಗೆ ಬರಬೇಕಾದ ದುಡ್ಡೆಲ್ಲ ಈ ಹೆಸರಲ್ಲೇ ಇದೆಯಮ್ಮಾ, ಅಂದ.

ತಿಂಗಳಿಗೊಮ್ಮೆ, ಬರೆದು ಕೆಡಿಸಿದ ಕಾಗದದ ಕಟ್ಟು ತರುತ್ತಿದ್ದರು.
ತೂಗಿ, ಬದಲಿಗೆ ಒಣದ್ರಾಕ್ಷಿ ಕೊಡುತ್ತಿದ್ದೆ.
ಕೆಡಿಸುವುದರಲ್ಲಿ ಅವನಷ್ಟು ಧಾರಾಳಿ ನಾನು ಕಂಡಿಲ್ಲ.

ಮೊದಲ ಸಲ ಅಂಗಡಿ ಮುಂದೆ ನಿಂತು ಬೋಧಿಸಿದ ದಿನ
ದುಭಾಷಿ ತಡಕಾಡಿ ತೆಗೆದ ಮಾತು: ಅಪರಾಧ.
ನೀವೆಲ್ಲ ಅಪರಾಧಿಗಳು, ಹುಟ್ಟಿನಿಂದಲೇ.
ಕಮ್ಮಾರ ಸುವೋ ಸುತ್ತಿಗೆ ಹಿಡಿದೇ ಎದ್ದು ಬಂದ:
ದೂರು ಕೊಟ್ಟವನು ಯಾರು? ಮೊದಲು ಅದು ಹೇಳು.

ಅವನ ದೇವರು ಮೂರು. ಅಲ್ಲ, ಒಂದು.
(ಅಲ್ಲಿ ದುಭಾಷಿಯ ಬೆರಳುಗಳೇ ಜಗಳವಾಡಿದವು.)
ತಂದೆ, ಸರಿ. ಮಗ, ಸರಿ.
ಮೂರನೆಯದಕ್ಕೆ ನಮ್ಮಲ್ಲಿ ಮಾತಿಲ್ಲ.
ಅವನ ನುಡಿಯಲ್ಲಿ ಅದು ಉಸಿರಂತೆ, ಹೆಣ್ಣಂತೆ,
ನೀರಿನ ಮೇಲೆ ಹಕ್ಕಿ ಕಾವು ಕೂತ ಹಾಗಂತೆ.
'ಶುದ್ಧ ಗಾಳಿ' ಎಂದು ಬರೆದು ತಂದು ತೋರಿಸಿದ.
ನನಗೆ ಬರುವ ಅಕ್ಷರ ಎಪ್ಪತ್ತು, ಗಾಳಿ ಅದರಲ್ಲೊಂದು.

ನಕ್ಕುಬಿಟ್ಟೆ.
ನಮ್ಮಜ್ಜನ ಬಾವಿ ನುಂಗಿದ್ದು ಗಾಳಿ, ಅಯ್ಯಾ.
ಚಾವಣಿ ಹಾರಿಸಿದ್ದು, ಒಂಟೆಯ ಕಣ್ಣು ಕಿತ್ತದ್ದು ಗಾಳಿ.
ಮನೆಮುರುಕ ಮಾತಿಗೆ ಗಾಳಿಮಾತು ಅನ್ನುತ್ತೇವೆ.
ಕೂಸು ನಡುರಾತ್ರಿ ಬೆಚ್ಚಿ ಕಿರುಚಿದರೆ
ಗಾಳಿ ಮೆಟ್ಟಿಕೊಂಡಿತು ಅನ್ನುತ್ತೇವೆ.
ಹೊಡೆದುಹಾಕಿದ. ಮುಂದಿನ ತಿಂಗಳು 'ತಂಪುಗಾಳಿ' ಎಂದು ತಂದ.
ಮರಳಲ್ಲಿ ಮೊಟ್ಟೆ ಬೇಯುವ ಬೇಸಗೆ ಅದು.
ಇದು ಚೆನ್ನಾಗಿದೆ, ಎಲ್ಲಿ ಸಿಗುತ್ತದೆ? ಎಂದೆ.
ಒಣದ್ರಾಕ್ಷಿ ಮರೆತು ಹೊರಟುಹೋದ.

ಆ ಬೇಸಗೆಯಲ್ಲೇ
ದ್ರಾಕ್ಷಾರಸದವನ ಮೂರನೆಯ ಮಗಳು ತೀರಿಕೊಂಡಳು.
ಏಳು ವರ್ಷ. ಜ್ವರ. ಅಂಗಾಲು ನನ್ನ ಅಂಗೈಯಷ್ಟು.
ಕತ್ತೆ ಲೆಕ್ಕದ ಕಾಗದ ಬೇಡ, ಅಂದಳು ತಾಯಿ.
ಶುಭ್ರವಾಗಿ ಉಳಿದದ್ದು ಅವನ ಕಟ್ಟೊಂದೇ.
ಹೊಲಿಯುತ್ತ ಕೂತಾಗಲೇ ಅವನು ಬಾಗಿಲಲ್ಲಿ ನಿಂತಿದ್ದಾನೆ.
ನನ್ನ ಮಡಿಲಲ್ಲಿ ಅವನದೇ ಕೈಬರಹ:
ಗಾಳಿ, ಅಡ್ಡಗೀಟು. ಗಾಳಿ, ಅಡ್ಡಗೀಟು. ಗಾಳಿ.

ಬೈಯುತ್ತಾನೆ ಅಂದುಕೊಂಡೆ. ಕುಕ್ಕರಗಾಲಲ್ಲಿ ಕೂತ.
ಅಕ್ಷರ ಯಾವ ಕಡೆ, ಪಾದದ ಕಡೆಯೋ ನೆಲದ ಕಡೆಯೋ?
ನಡುಪದರದಲ್ಲಿ, ಅಂದೆ. ಯಾರಿಗೂ ಕಾಣುವುದಿಲ್ಲ.
ಸುಮ್ಮನೆ ದೀಪ ಹತ್ತಿರ ಹಿಡಿದ.

ಬಾಯಿಗೆ ಬಂದದ್ದನ್ನು ಆಡುವವಳು ನಾನು, ಆಡಿದೆ:
ಗಾಳಿ ಜನರನ್ನು ಮೆಟ್ಟಿಕೊಳ್ಳುವುದು ಕಂಡಿದ್ದೇವೆ.
ಇವಳು ಗಾಳಿಯನ್ನೇ ಮೆಟ್ಟಿಕೊಂಡು ಹೊರಟಳು, ನೋಡು.

ನನಯ್‌ವಂದಕ್ ಅದನ್ನು ಹೇಳಿ ಮುಗಿಸಲು ತುಂಬ ಹೊತ್ತು ಹಿಡಿಯಿತು.
ಯಾವ ಮಾತು ಹೇಳಿದನೋ. ದೀಪ ಒಮ್ಮೆ ಅಲುಗಿತು,
ಎಣ್ಣೆ ನನ್ನ ಮೊಣಕಾಲ ಮೇಲೆ ಚೆಲ್ಲಿತು.

ಪುಸ್ತಕದಲ್ಲಿ ಕಡೆಗೆ ಏನು ಬರೆದನೋ ತಿಳಿಯದು.
ಆಮೇಲೆ ತಂದ ಕಟ್ಟು ತೀರಾ ತೆಳ್ಳಗಿತ್ತು,
ಒಂದು ಜೊತೆಗೂ ಸಾಲದಷ್ಟು. ನನಗೆ ನಷ್ಟ.
ಒಣದ್ರಾಕ್ಷಿ ಮಾತ್ರ ಮೊದಲಿನಷ್ಟೇ ಕೊಟ್ಟೆ.